ಕೊನೆಯಿಂದ ಕಲಿಯುವ ಚದುರಂಗ

ಕುರುಕ್ಷೇತ್ರ ಯುದ್ಧ ಕೊನೆಯ ದಿನಕ್ಕೆ ಬಂದು ನಿಂತಿದೆ. ಆನೆ, ಕುದುರೆ, ರಥ, ಕಾಲಾಳುಗಳ ಹನ್ನೊಂದು ಅಕ್ಷೋಹಿಣಿ ಸೈನ್ಯ ಕರಗಿಹೋಗಿದೆ. ಭೀಷ್ಮ ಶರಶಯ್ಯೆಯಲ್ಲಿದ್ದಾನೆ, ದ್ರೋಣನಿಲ್ಲ, ಕರ್ಣನಿಲ್ಲ, ದುಶ್ಶಾಸನನಿಲ್ಲ. ರಣರಂಗದಲ್ಲಿ ಹೆಣಗಳ ನಡುವೆ ಹೆಜ್ಜೆ ಹಾಕುತ್ತಿರುವವನು ರಾಜ ದುರ್ಯೋಧನ. ಕೊನೆಗೆ ಅವನು ವೈಶಂಪಾಯನ ಸರೋವರದ ನೀರಿನಲ್ಲಿ ಅಡಗುತ್ತಾನೆ. ಭೀಮನ ಮೂದಲಿಕೆ ಕೇಳಿ ಹೊರಬರುತ್ತಾನೆ. ಇಬ್ಬರ ಗದೆಗಳು ಯುದ್ಧವನ್ನು ತೀರ್ಮಾನಿಸುತ್ತವೆ.

ಸುಮಾರು ಸಾವಿರ ವರ್ಷಗಳ ಹಿಂದೆ ಇದನ್ನು 'ಗದಾಯುದ್ಧ'ವಾಗಿ ಬರೆದ ಕವಿ ರನ್ನ ಮುದುವೊಳಲಿನವನು, ಅಂದರೆ ಇಂದಿನ ಮುಧೋಳದವನು. ಇಡೀ ಭಾರತದ ಕಥೆಯನ್ನು ಮೊದಲಿನಿಂದ ಹೇಳುತ್ತ ಬರುವ ದಾರಿಯನ್ನು ಅವನು ಹಿಡಿಯಲಿಲ್ಲ. ಕೊನೆಯ ದಿನದಲ್ಲಿ ನಿಂತು, ಸಿಂಹ ಹಿಂತಿರುಗಿ ನೋಡುವಂತೆ, ನಡೆದುಹೋದುದನ್ನೆಲ್ಲ ನೋಡಿದ. ವಿದ್ವಾಂಸರು ಇದನ್ನು 'ಸಿಂಹಾವಲೋಕನ ಕ್ರಮ' ಎನ್ನುತ್ತಾರೆ.

ಚತುರಂಗ ಬಲದ ಹೆಸರನ್ನೇ ಹೊತ್ತಿರುವ ಆಟ ಚದುರಂಗ. ಅದನ್ನು ಚೆನ್ನಾಗಿ ಆಡಲು ಕಲಿಯುವ ಅತ್ಯುತ್ತಮ ದಾರಿಯೂ ರನ್ನನ ದಾರಿಯೇ ಎಂದರೆ ಹಲವರಿಗೆ ಆಶ್ಚರ್ಯವಾದೀತು. ಆದರೆ ಜಗತ್ತಿನ ಶ್ರೇಷ್ಠ ಆಟಗಾರರ ಚರಿತ್ರೆ ಇದನ್ನೇ ಹೇಳುತ್ತದೆ.

ಅಂತ್ಯದಾಟ ಎಂದರೇನು?

ಚದುರಂಗದ ಪಂದ್ಯಕ್ಕೆ ಮೂರು ಘಟ್ಟಗಳು. ಕಾಯಿಗಳನ್ನು ಹೊರತರುವ ಆರಂಭ, ಅವು ಪರಸ್ಪರ ಕಾದಾಡುವ ನಡುವಣ ಆಟ, ಹೆಚ್ಚಿನ ಕಾಯಿಗಳು ಹೊಡೆದುಹೋದ ಮೇಲಿನ ಅಂತ್ಯದಾಟ. ಈ ಕೊನೆಯ ಘಟ್ಟದಲ್ಲಿ ಹಲಗೆಯ ಮೇಲೆ ಎರಡೂ ಕಡೆ ರಾಜ, ಒಂದೊಂದು ಆನೆಯೋ ಕುದುರೆಯೋ, ನಾಲ್ಕಾರು ಕಾಲಾಳುಗಳು ಮಾತ್ರ ಉಳಿದಿರುತ್ತವೆ. ನೋಡಿದವರಿಗೆ ಆಟ ಮುಗಿದಂತೆಯೇ ಕಾಣುತ್ತದೆ. ಆದರೆ ಗೆಲುವು, ಸೋಲು, ಡ್ರಾ ತೀರ್ಮಾನವಾಗುವುದು ಬಹಳ ಸಲ ಇಲ್ಲಿಯೇ.

ಇಲ್ಲಿ ಆಟದ ನೀತಿಯೇ ಬದಲಾಗುತ್ತದೆ. ಅಲ್ಲಿಯವರೆಗೆ ಕೋಟೆಯೊಳಗೆ ಅಡಗಿದ್ದ ರಾಜ ಹೊರಗೆ ಬಂದು ಸ್ವತಃ ಕಾದಬೇಕು. ಮಾತ್ ಆಗುವ ಭಯ ಕಡಿಮೆಯಾದ ಮೇಲೆ ಅವನೂ ಒಬ್ಬ ಬಲಶಾಲಿ ಯೋಧ. ಅಷ್ಟು ಹೊತ್ತು ಯಾರೂ ಲೆಕ್ಕಕ್ಕೆ ಇಡದ ಕಾಲಾಳು ಎಂಟನೆಯ ಸಾಲು ಮುಟ್ಟಿದರೆ ಮಂತ್ರಿಯಾಗುತ್ತಾನೆ. ಅಂತ್ಯದಾಟದಲ್ಲಿ ಸರೋವರದಲ್ಲೇ ಅಡಗಿ ಕುಳಿತ ರಾಜ ಸೋಲುತ್ತಾನೆ.

ನಮ್ಮ ನೆಲದ ನಂಟು

ಈ ಆಟ ನಮ್ಮ ಕಡೆಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅರಸರ ವಿನೋದಗಳ ನಡುವೆ ಚದುರಂಗದ ವಿವರಣೆಯೂ ಬರುತ್ತದೆ. ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆ ಆಗ ಇದೇ ಚಾಲುಕ್ಯರ ಆಳ್ವಿಕೆಯಲ್ಲಿತ್ತು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಚದುರಂಗದ ಸಮಸ್ಯೆಗಳನ್ನೂ, ಕುದುರೆ 64 ಮನೆಗಳನ್ನು ಒಂದೊಂದೇ ಸಲ ಮುಟ್ಟಿ ಬರುವ ಒಗಟುಗಳನ್ನೂ ಸ್ವತಃ ರಚಿಸಿದರು.

1814ರಲ್ಲಿ ಮುಂಬಯಿಯಲ್ಲಿ ತಿರುವೆಂಗಡಾಚಾರ್ಯ ಶಾಸ್ತ್ರಿಗಳ ಚದುರಂಗ ಗ್ರಂಥವೊಂದು ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರ ಮೂಲ ಸಂಸ್ಕೃತ. ಅದರಲ್ಲಿರುವುದು ಹೆಚ್ಚಾಗಿ ಆಟ ಮುಗಿಸುವ ಸಮಸ್ಯೆಗಳು. ಕೆಲವು ಕಡೆ ಇಂಥ ಕಾಲಾಳಿನಿಂದಲೇ ಮಾತ್ ಕೊಡಬೇಕೆಂಬ ಷರತ್ತು ಬೇರೆ.

ಇದಕ್ಕೆ ಕಾರಣವಿದೆ. ಹಳೆಯ ದೇಶಿ ಪದ್ಧತಿಯಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗುತ್ತಿತ್ತು. ಹಲವು ಕಡೆ, ಕೊನೆ ಮುಟ್ಟಿದ ಕಾಲಾಳು ಆ ಸಾಲಿಗೆ ಸೇರಿದ ಕಾಯಿಯಾಗಿ ಮಾತ್ರ ಬದಲಾಗಬಹುದಿತ್ತು. ಎದುರಾಳಿಯ ಕಾಯಿಗಳನ್ನೆಲ್ಲ ಹೊಡೆದು ರಾಜನೊಬ್ಬನನ್ನೇ ಉಳಿಸಿದರೆ ಪೂರ್ಣ ಗೆಲುವು ಸಿಗುತ್ತಿರಲಿಲ್ಲ. ಕಾಲಾಳಿನಿಂದ ಮಾತ್ ಕೊಡುವುದು ದೊಡ್ಡ ಗೌರವ. ಹೀಗಾಗಿ ದೇಶಿ ಆಟಗಾರ ಸಿಕ್ಕ ಕಾಯಿಯನ್ನೆಲ್ಲ ಹೊಡೆಯುತ್ತ ಹೋಗುವಂತಿರಲಿಲ್ಲ. ಆಟ ಹೇಗೆ ಮುಗಿಯಬೇಕು ಎಂಬುದನ್ನು ಬಹಳ ಮುಂಚೆಯೇ ಯೋಚಿಸಬೇಕಾಗಿತ್ತು.

ನೆರೆಯ ಮರಾಠಿಯಲ್ಲಿ ಈ ಆಟಕ್ಕೆ 'ಬುದ್ಧಿಬಳ' ಎಂದು ಹೆಸರು. ಜಮಖಂಡಿಯಂತೆಯೇ ಸಾಂಗ್ಲಿಯೂ ಪಟವರ್ಧನ ಮನೆತನದ ಸಂಸ್ಥಾನವಾಗಿತ್ತು. ಆ ಸಾಂಗ್ಲಿಯಲ್ಲಿ 1941ರಲ್ಲಿ 'ನೂತನ ಬುದ್ಧಿಬಳ ಮಂಡಳ' ಹುಟ್ಟಿತು. ಅದನ್ನು ಕಟ್ಟಿ ಬೆಳೆಸಿದವರು ಭಾವೂಸಾಹೇಬ ಪಡಸಲಗೀಕರ. ಅವರ ಅಡ್ಡಹೆಸರಿನಲ್ಲಿ ಪಡಸಲಗಿ ಇದೆ; ಜಮಖಂಡಿ ತಾಲೂಕಿನ ಕೃಷ್ಣಾ ತೀರದಲ್ಲಿ ಹಿರೇಪಡಸಲಗಿ, ಚಿಕ್ಕಪಡಸಲಗಿ ಎಂಬ ಊರುಗಳಿವೆ. ದೊಡ್ಡ ನಗರವಲ್ಲದ ಒಂದು ಊರೂ ಚದುರಂಗದ ತವರಾಗಬಹುದು ಎಂಬುದಕ್ಕೆ ಸಾಂಗ್ಲಿಯೇ ಸಾಕ್ಷಿ.

ಪುಸ್ತಕ ಓದದ ವೀರ

ಅಂತ್ಯದಾಟದ ಬಲ ಏನು ಮಾಡಬಲ್ಲದು ಎಂಬುದಕ್ಕೆ ಮೀರ್ ಸುಲ್ತಾನ್ ಖಾನ್ ದೊಡ್ಡ ಉದಾಹರಣೆ. ಪಂಜಾಬಿನ ಈತ ಕಲಿತದ್ದು ದೇಶಿ ಆಟ. 1929ರಲ್ಲಿ ತನ್ನ ಒಡೆಯನ ಜೊತೆ ಇಂಗ್ಲೆಂಡಿಗೆ ಹೋದಾಗ ಯುರೋಪಿನ ನಿಯಮಗಳು ಅವನಿಗೆ ಹೊಸವು. ಚದುರಂಗದ ಗ್ರಂಥಗಳ ಅಭ್ಯಾಸ ಅವನಿಗಿರಲಿಲ್ಲ. ಆರಂಭದ ನಡೆಗಳಲ್ಲಿ ಅವನು ಎಡವುತ್ತಿದ್ದ. ಆದರೆ ಕಾಯಿಗಳು ಕಡಿಮೆಯಾದಂತೆ ಅವನ ಕೈ ಮೇಲಾಗುತ್ತಿತ್ತು.

ಅದೇ ವರ್ಷ ಅವನು ಬ್ರಿಟಿಷ್ ಚಾಂಪಿಯನ್ ಆದ. 1932 ಮತ್ತು 1933ರಲ್ಲಿ ಮತ್ತೆ ಗೆದ್ದ. 1930-31ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾನನ್ನೇ ಸೋಲಿಸಿದ. 1933ರ ಕೊನೆಗೆ ಊರಿಗೆ ಮರಳಿದ ಮೇಲೆ ಆ ಲೋಕ ಅವನನ್ನು ಮರೆತಿತು. 1966ರಲ್ಲಿ ತೀರಿಕೊಂಡ ಸುಲ್ತಾನ್ ಖಾನನಿಗೆ ವಿಶ್ವ ಚೆಸ್ ಸಂಸ್ಥೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟಿದ್ದು 2024ರಲ್ಲಿ.

ದೊಡ್ಡವರು ಗೆದ್ದ ಬಗೆ

ಸುಲ್ತಾನ್ ಖಾನನಿಗೆ ಸೋತ ಕ್ಯೂಬಾದ ಕಾಪಾಬ್ಲಾಂಕಾ ಅಂತ್ಯದಾಟದ ಮಹಾಗುರು ಎನಿಸಿಕೊಂಡವನು. ಬೇರೆಲ್ಲಕ್ಕಿಂತ ಮೊದಲು ಅಂತ್ಯದಾಟವನ್ನು ಕಲಿಯಬೇಕು ಎಂಬುದು ಅವನ ಉಪದೇಶ. 1921ರಲ್ಲಿ ಪ್ರಕಟವಾದ ಅವನ ಪಾಠದ ಪುಸ್ತಕ ಸರಳ ಮಾತ್‌ಗಳಿಂದಲೂ ಕಾಲಾಳುಗಳ ಅಂತ್ಯದಾಟದಿಂದಲೂ ಆರಂಭವಾಗುತ್ತದೆ.

1924ರ ನ್ಯೂಯಾರ್ಕ್ ಪಂದ್ಯಾವಳಿಯಲ್ಲಿ ಅವನು ಟಾರ್ಟಕೋವರ್ ವಿರುದ್ಧ ಆಡಿದ ಆಟ ಇಂದಿಗೂ ಪಾಠ. ಇಬ್ಬರಲ್ಲೂ ಒಂದೊಂದು ಆನೆ, ಕೆಲವು ಕಾಲಾಳುಗಳು. ಬಿಳಿಯ ಕಾಯಿಗಳ ಕಾಪಾಬ್ಲಾಂಕಾ ಕಾಲಾಳುಗಳ ರಕ್ಷಣೆಗೆ ನಿಲ್ಲದೆ ರಾಜನನ್ನು ಮುಂದಕ್ಕೆ ನಡೆಸಿದ. ಎದುರಾಳಿಯ ಆನೆ ಎರಡು ಕಾಲಾಳುಗಳನ್ನು ಹೊಡೆಯಿತು, ಅದೂ ಎರಡೂ ಸಲ ಚೆಕ್ ಕೊಟ್ಟು. ಕಾಪಾಬ್ಲಾಂಕಾ ಅಂಜಲಿಲ್ಲ. ಅವನ ರಾಜ ಆರನೆಯ ಸಾಲಿಗೆ ಬಂದು ತನ್ನ ಮುನ್ನುಗ್ಗಿದ ಕಾಲಾಳಿನ ಪಕ್ಕ ನಿಂತ. ಅಲ್ಲಿಂದ ಕರಿಯ ರಾಜನಿಗೆ ಉಸಿರಾಡಲು ಜಾಗವಿರಲಿಲ್ಲ. ಕಳೆದುಕೊಂಡ ಕಾಲಾಳುಗಳು ಬಡ್ಡಿ ಸಮೇತ ಮರಳಿ ಬಂದವು. ಕಾಯಿಗಳ ಎಣಿಕೆಗಿಂತ ಅವು ಮಾಡುವ ಕೆಲಸ ದೊಡ್ಡದು ಎಂಬುದು ಈ ಆಟದ ಪಾಠ.

ಇನ್ನೊಂದು ಪಾಠ ಭಾರತೀಯರಿಗೆ ಕಹಿಯಾದದ್ದು. 2013ರ ನವೆಂಬರಿನಲ್ಲಿ ಚೆನ್ನೈನಲ್ಲಿ ವಿಶ್ವನಾಥನ್ ಆನಂದ್ ವಿಶ್ವ ಚಾಂಪಿಯನ್ ಪಟ್ಟ ಉಳಿಸಿಕೊಳ್ಳಲು ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್ ಎದುರು ಕುಳಿತರು. ಮೊದಲ ನಾಲ್ಕು ಆಟಗಳು ಡ್ರಾ. ಐದನೆಯ ಮತ್ತು ಆರನೆಯ ಆಟಗಳು ಆನೆಗಳ ಅಂತ್ಯದಾಟಕ್ಕೆ ಇಳಿದವು. ಡ್ರಾ ಆಗಬಹುದೆಂದು ಬಲ್ಲವರು ಬಗೆದಿದ್ದ ಆ ಸ್ಥಿತಿಗಳಲ್ಲಿ ಕಾರ್ಲ್‌ಸನ್ ಅವಸರ ಮಾಡಲಿಲ್ಲ, ಬಿಟ್ಟುಕೊಡಲೂ ಇಲ್ಲ. ಪ್ರತಿ ನಡೆಯಲ್ಲೂ ಎದುರಾಳಿಗೆ ಒಂದು ಸಣ್ಣ ತೊಡಕನ್ನು ಒಡ್ಡುತ್ತ ಹೋದ. ಬೇಟೆಯ ಬೆನ್ನು ಬಿಡದ ಮುಧೋಳ ನಾಯಿಯ ಛಲ ಅದು. ಆನಂದ್ ಎರಡೂ ಆಟಗಳಲ್ಲಿ ತಪ್ಪಿದರು. ಹನ್ನೆರಡು ಆಟಗಳ ಸರಣಿ ಹತ್ತರಲ್ಲೇ 6.5-3.5 ಅಂಕಗಳಿಂದ ಮುಗಿಯಿತು.

ಕೈಯಾರೆ ಮಾಡಿ ನೋಡಿ

ಅಂತ್ಯದಾಟದ ಮೊದಲ ಪಾಠಕ್ಕೆ ಮೂರೇ ಕಾಯಿ ಸಾಕು. ಹಲಗೆಯ ನಡುವಣ ಕಂಬಸಾಲೊಂದರಲ್ಲಿ, ಬಿಳಿಯ ಕಡೆಯಿಂದ ಎಣಿಸಿ, ಐದನೆಯ ಮನೆಯಲ್ಲಿ ಬಿಳಿಯ ರಾಜ, ಅವನ ಬೆನ್ನಿಗೆ ನಾಲ್ಕನೆಯದರಲ್ಲಿ ಬಿಳಿಯ ಕಾಲಾಳು, ಎದುರಿಗೆ ಏಳನೆಯದರಲ್ಲಿ ಕರಿಯ ರಾಜ ಇರಲಿ. ಈಗ ಕರಿಯರ ನಡೆಯಾದರೆ ಅವರ ರಾಜ ದಾರಿ ಬಿಡಲೇಬೇಕು, ಬಿಳಿಯರು ಗೆಲ್ಲುತ್ತಾರೆ. ಬಿಳಿಯರ ನಡೆಯಾದರೆ ಆಟ ಡ್ರಾ. ಕಾಯಿಗಳು ಅವೇ, ಮನೆಗಳು ಅವೇ. ಫಲ ಮಾತ್ರ ಬೇರೆ. ನಡೆಯುವ ಸರದಿಯೇ ಕೆಲವು ಸಲ ಶಿಕ್ಷೆಯಾಗುತ್ತದೆ ಎಂಬ ವಿಚಿತ್ರ ಸತ್ಯ ಇಲ್ಲಿ ಅರ್ಥವಾಗುತ್ತದೆ.

ಎರಡನೆಯ ಪಾಠ ಹದಿನೆಂಟನೆಯ ಶತಮಾನದ ಫ್ರೆಂಚ್ ಆಟಗಾರ ಫಿಲಿಡೋರ್‌ನದು. ಎದುರಾಳಿಯಲ್ಲಿ ಆನೆ ಮತ್ತು ಒಂದು ಕಾಲಾಳು, ನಮ್ಮಲ್ಲಿ ಆನೆ ಮಾತ್ರ. ನಮ್ಮ ರಾಜ ಕಾಲಾಳಿನ ದಾರಿಗೆ ಅಡ್ಡ ನಿಂತಿರಬೇಕು. ಆನೆ ನಮ್ಮ ಕಡೆಯಿಂದ ಮೂರನೆಯ ಅಡ್ಡಸಾಲನ್ನು ಕಾಯಬೇಕು. ಶತ್ರುರಾಜ ಆ ಸಾಲಿಗೆ ಕಾಲಿಡಲಾರ. ಕಾಲಾಳನ್ನೇ ಅಲ್ಲಿಗೆ ನೂಕಿದರೆ ರಾಜನಿಗೆ ಮರೆ ತಪ್ಪುತ್ತದೆ. ಆಗ ನಮ್ಮ ಆನೆ ದೂರದ ತುದಿಗೆ ಓಡಿ ಹಿಂದಿನಿಂದ ಚೆಕ್ ಕೊಡುತ್ತ ಇದ್ದರೆ ಆಟ ಡ್ರಾ. ಇದನ್ನು ಬಲ್ಲವನು ಸೋಲುವ ಆಟವನ್ನು ಉಳಿಸುತ್ತಾನೆ.

ಇಂಥ ಹತ್ತಿಪ್ಪತ್ತು ಸ್ಥಿತಿಗಳು ಕೈಗೆ ಬಂದ ಮೇಲೆ ದೊಡ್ಡವರ ಆಟಗಳನ್ನು ತೆರೆಯಬೇಕು. ಓದುವ ಕ್ರಮವೂ ಮುಖ್ಯ. ಗೆದ್ದವನ ಮುಂದಿನ ನಡೆಯನ್ನು ಕಾಗದದಿಂದ ಮುಚ್ಚಿ, ತನ್ನ ನಡೆಯನ್ನು ಮೊದಲು ಬರೆದು, ಆಮೇಲೆ ತೆರೆದು ನೋಡಬೇಕು. ಎರಡೂ ಬೇರೆಯಾದರೆ ಯಾಕೆ ಎಂದು ಕೇಳಿಕೊಳ್ಳಬೇಕು. ನಂತರ ಅದೇ ಸ್ಥಿತಿಯನ್ನು ಗೆಳೆಯನೊಡನೆ ಆಡಬೇಕು: ಒಮ್ಮೆ ಗೆಲ್ಲುವ ಕಡೆ, ಒಮ್ಮೆ ಕಾಯುವ ಕಡೆ. ಆರಂಭದ ನಡೆಗಳನ್ನು ಬಾಯಿಪಾಠ ಮಾಡಿದರೆ ಎದುರಾಳಿ ಬೇರೆ ದಾರಿ ಹಿಡಿದ ಕೂಡಲೇ ಪಾಠ ವ್ಯರ್ಥ. ಆನೆಯ ಶಕ್ತಿ, ರಾಜನ ನಡಿಗೆ, ಕಾಲಾಳಿನ ಓಟ ಹಲಗೆಯ ಮೇಲಿಂದ ಎಲ್ಲಿಗೂ ಹೋಗುವುದಿಲ್ಲ. ಕೊನೆ ಹೇಗಿರಬೇಕೆಂದು ತಿಳಿದವನಿಗೆ ನಡುವಣ ಆಟದಲ್ಲಿ ಯಾವ ಕಾಯಿ ಕೊಡಬೇಕು, ಯಾವುದನ್ನು ಉಳಿಸಬೇಕು ಎಂಬುದೂ ತಿಳಿಯುತ್ತದೆ.

ಯಂತ್ರದ ಸಿಂಹಾವಲೋಕನ

ಕಂಪ್ಯೂಟರುಗಳು ಅಂತ್ಯದಾಟವನ್ನು ಕಲಿತದ್ದೂ ಹಿಂದುಮುಂದಾಗಿಯೇ. ಮಾತ್ ಆದ ಸ್ಥಿತಿಗಳನ್ನು ಮೊದಲು ಪಟ್ಟಿ ಮಾಡಿ, ಅಲ್ಲಿಂದ ಒಂದೊಂದೇ ನಡೆ ಹಿಂದಕ್ಕೆ ಲೆಕ್ಕ ಹಾಕುತ್ತ ಬಂದರು. ಎರಡು ಒಂಟೆಗಳು ಒಂದು ಕುದುರೆಯನ್ನು ಸೋಲಿಸಲಾರವು ಎಂದು ನೂರು ವರ್ಷಕ್ಕೂ ಹೆಚ್ಚು ಕಾಲ ಪುಸ್ತಕಗಳು ಹೇಳುತ್ತಿದ್ದವು. 1980ರ ದಶಕದಲ್ಲಿ ಅಮೆರಿಕದ ಕೆನ್ ಥಾಂಪ್ಸನ್ ಇಂಥ ಲೆಕ್ಕದಿಂದ, ಸಾಮಾನ್ಯವಾಗಿ ಒಂಟೆಗಳೇ ಗೆಲ್ಲುತ್ತವೆ ಎಂದು ತೋರಿಸಿದರು. 2012ರ ಹೊತ್ತಿಗೆ, ರಾಜರೂ ಸೇರಿ ಏಳು ಕಾಯಿಗಳ ಸ್ಥಿತಿಗಳ ಲೆಕ್ಕ ಸಿದ್ಧವಾಯಿತು. ಅಂಥ ಸ್ಥಿತಿಗಳ ಉತ್ತರ ಇಂದು ಮೊಬೈಲಿನಲ್ಲೇ ಸಿಗುತ್ತದೆ.

ಇದರಿಂದ ಹಳ್ಳಿಯ ಹುಡುಗನಿಗೂ ನಗರದ ಹುಡುಗನಿಗೂ ಇರುವ ಅಂತರ ಕಡಿಮೆಯಾಗಿದೆ. ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ದೊರೆತದ್ದು 2017ರಲ್ಲಿ, ಮೈಸೂರಿನ ತೇಜಕುಮಾರ್ ಅವರಿಂದ. ಆನಂದ್ ಆ ಪದವಿ ಪಡೆದು ಆಗಲೇ 29 ವರ್ಷ ಕಳೆದಿದ್ದವು. ದೊಡ್ಡ ಗುರುಗಳು, ದುಬಾರಿ ತರಬೇತಿ ಮನೆ ಬಾಗಿಲಿಗೆ ಬರಲಿ ಎಂದು ಬನಹಟ್ಟಿಯ ನೇಕಾರನ ಮಗಳೋ ಬೀಳಗಿಯ ರೈತನ ಮಗನೋ ಕಾಯಬೇಕಾಗಿಲ್ಲ. ಯಂತ್ರ ಉತ್ತರವನ್ನು ಕೊಡುತ್ತದೆ, ಕಾರಣವನ್ನು ಹೇಳುವುದಿಲ್ಲ. ಆ ಕಾರಣ ಹುಡುಕುವ ಕೆಲಸ ಇನ್ನೂ ಮನುಷ್ಯನದೇ. ಅದಕ್ಕೆ ಬೇಕಾದದ್ದು ಒಂದು ಹಲಗೆ, ಕೆಲವೇ ಕಾಯಿಗಳು, ಸಾಕಷ್ಟು ತಾಳ್ಮೆ.

ಮಗುವಿಗೆ ಚದುರಂಗ ಕಲಿಸಲು ಕುಳಿತವರು ಮೂವತ್ತೆರಡು ಕಾಯಿಗಳನ್ನೂ ಒಮ್ಮೆಗೇ ಜೋಡಿಸುವುದು ವಾಡಿಕೆ. ಮುಂದಿನ ಸಲ ಇಬ್ಬರು ರಾಜರನ್ನೂ ಒಂದು ಕಾಲಾಳನ್ನೂ ಮಾತ್ರ ಇಟ್ಟು ನೋಡಲಿ. ಕೊನೆಯ ದಿನದಿಂದ ಕಥೆ ತೆಗೆದ ಕವಿಯ ಊರಿನವರಿಗೆ ಈ ಕ್ರಮ ಹೊಸದೇನಲ್ಲ.