ಅಪ್ಪನ ಸಾಲ ಮಗನ ತಲೆಗೆ ಬರುತ್ತಾ?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಬ್ಬಿನ ಊರುಗಳಲ್ಲಿ ಸಾಲಗಾರ ರೈತ ತೀರಿಕೊಂಡರೆ, ತಿಥಿಗೆ ಮೊದಲೇ ಏಳುವ ಪ್ರಶ್ನೆ ಇದು.

ಹಳೆಯ ಹಿಂದೂ ಕಾನೂನಿನಲ್ಲಿ ಅಪ್ಪನ ಸಾಲ ತೀರಿಸೋದು ಮಗನ ಧಾರ್ಮಿಕ ಹೊಣೆ. ಜೂಜಿನಂಥ ಕೆಟ್ಟ ಸಾಲ ಬಿಟ್ಟರೆ, ಒಟ್ಟು ಕುಟುಂಬದ ಆಸ್ತಿಯಲ್ಲಿ ಮಗನ ಪಾಲೂ ಸಾಲಕ್ಕೆ ಹೋಗುತ್ತಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ, ಕಲಂ 6(4), ಆಮೇಲಿನ ಸಾಲಗಳಿಗೆ ಈ ಹೊಣೆಯನ್ನ ತೆಗೆದುಹಾಕಿತು. ಈಗ ಅಪ್ಪನಿಂದ ಕೈಗೆ ಬಂದ ಆಸ್ತಿಯ ಮಟ್ಟಿಗಷ್ಟೇ ವಸೂಲಿ.

ಯೆಹೂದಿ ಶಾಸ್ತ್ರದಲ್ಲೂ ಇಂಥದೇ ತಿಕ್ಕಾಟ: ವಿಮೋಚನಕಾಂಡ 3-4 ತಲೆಮಾರಿನ ದಂಡ ಹೇಳಿದರೆ, ತಂದೆಯ ತಪ್ಪಿಗೆ ಮಗನನ್ನ ಕೊಲ್ಲಬಾರದು ಅನ್ನುತ್ತೆ ಧರ್ಮೋಪದೇಶಕಾಂಡ 24:16.

ನನಗೆ ಭಯ ಇರೋದು ಕಾನೂನಿನದಲ್ಲ, ಕಾಗದದ್ದು. ಜಾಮೀನಿಗೋ 'ರಿನ್ಯೂವಲ್'ಗೋ ಮಗ ಸಹಿ ಹಾಕಿದರೆ ಆ ಸಾಲ ಅವನದೇ.