ಕಲಿಸಿದವರಾರು, ಕಲಿತವರಾರು: ಬೆಂಗಳೂರು ಗ್ರಾಮಾಂತರದ ಉದ್ಯೋಗಸ್ಥಳಗಳಲ್ಲಿ ಸಮಾನತೆಯ ತರಬೇತಿಯ ಚರಿತ್ರೆ

1. ಪೀಠಿಕೆ

1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯು ಪ್ರತ್ಯೇಕವಾಗಿ ರೂಪುಗೊಂಡಾಗ ದೊಡ್ಡಬಳ್ಳಾಪುರವು ತನ್ನ ಮಗ್ಗಗಳಿಗೂ ದೇವನಹಳ್ಳಿಯು ತನ್ನ ಚಕ್ಕೋತಕ್ಕೂ ಹೆಸರಾಗಿದ್ದುವು. ಆ ಬಳಿಕ ದೊಡ್ಡಬಳ್ಳಾಪುರದಲ್ಲಿ ಅಪರೆಲ್ ಪಾರ್ಕು, ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಿ ಕೈಗಾರಿಕಾ ಪ್ರದೇಶ, ಹೊಸಕೋಟೆಯ ಬಳಿ ವೋಲ್ವೊ ಟ್ರಕ್ಕುಗಳ ಕಾರ್ಖಾನೆ, 2008ರಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣ, ಇತ್ತೀಚೆಗೆ ಸುಮಾರು 300 ಎಕರೆಯ ಆವರಣದಲ್ಲಿ ಬಹುಪಾಲು ತರುಣಿಯರ ಕೈಯಿಂದಲೇ ಐಫೋನುಗಳನ್ನು ಜೋಡಿಸುವ ಫಾಕ್ಸ್‌ಕಾನ್ ಘಟಕ, ಹೀಗೆ ಒಂದರ ಹಿಂದೊಂದು ಬಂದುವು. ಒಂದೇ ಹಳ್ಳಿಯ ಬೇರೆ ಬೇರೆ ಕೇರಿಗಳವರೂ ಒಡಿಶಾ ಝಾರ್ಖಂಡಗಳಿಂದ ಬಂದ ಹೆಣ್ಣುಮಕ್ಕಳೂ ಒಂದೇ ಲೈನಿನಲ್ಲಿ, ಒಬ್ಬನೇ ಸೂಪರ್‌ವೈಸರನ ಕಣ್ಣಿನ ಕೆಳಗೆ ದುಡಿಯತಕ್ಕ ಸನ್ನಿವೇಶವು ಇದರಿಂದ ಉಂಟಾಯಿತು. ಲಿಂಗ, ಭಾಷೆ, ಪ್ರಾಂತ, ಅಂಗವೈಕಲ್ಯಗಳ ಭೇದವನ್ನೆಣಿಸದೆ ಎಲ್ಲರನ್ನೂ ಗೌರವದಿಂದ ಕಾಣಬೇಕೆಂದು ಬೋಧಿಸುವ ತರಬೇತಿಯೂ ಈ ಸನ್ನಿವೇಶದೊಡನೆಯೇ ಕಾರ್ಖಾನೆಯ ಒಳಕ್ಕೆ ಪ್ರವೇಶಿಸಿತು.

ಇಂತಹ ತರಬೇತಿಯು ಎಲ್ಲಿಂದ ಬಂದಿತು, ಅದನ್ನು ಯಾರಿಗೆ ಕೊಡಲಾಯಿತು, ಪಡೆದವರ ಬಾಳಿನಲ್ಲಿ ಅದರಿಂದ ಏನು ಬದಲಾಯಿತು ಎಂಬ ಮೂರು ಪ್ರಶ್ನೆಗಳನ್ನು ಪರ್ಯಾಲೋಚಿಸುವುದೇ ಪ್ರಕೃತ ಲೇಖನದ ಉದ್ದೇಶ.

2. ಉಪದೇಶಕ್ಕೆ ಮುನ್ನ ಸ್ಥಾನ

ಉದ್ಯೋಗದಲ್ಲಿ ಎಲ್ಲ ಸಮುದಾಯಗಳಿಗೂ ಅವಕಾಶವಿರಬೇಕೆಂಬ ವಿಚಾರವು ಈ ನಾಡಿಗೆ ಹೊರಗಿನ ಕಂಪನಿಗಳಿಂದ ಬಂದುದಲ್ಲ. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೂ ಕೆಳಗಿನ ಹುದ್ದೆಗಳಲ್ಲಿ ಮೂರನೆಯ ಎರಡು ಪಾಲಿಗೂ ಕಡಮೆಯಿಲ್ಲದಂತೆ ಹಿಂದುಳಿದ ವರ್ಗದವರು ಸೇರಬೇಕೆಂದು ಆ ಸಮಿತಿಯು ಮರುವರ್ಷ ಶಿಫಾರಸು ಮಾಡಿತು. ಅರ್ಧ ಶತಮಾನದ ತರುವಾಯ 1972ರಲ್ಲಿ ನೇಮಕಗೊಂಡು 1975ರಲ್ಲಿ ವರದಿಯನ್ನೊಪ್ಪಿಸಿದ ಎಲ್. ಜಿ. ಹಾವನೂರರ ಆಯೋಗವೂ ಅದೇ ಮಾರ್ಗದಲ್ಲಿ ಮುಂದುವರಿಯಿತು. ಕಚೇರಿಯಲ್ಲಿ ಕುಳಿತಿದ್ದವರ ಮನಸ್ಸನ್ನು ತಿದ್ದುವ ಬೋಧನೆಗಿಂತ ಮಿಗಿಲಾಗಿ, ಕುಳಿತುಕೊಳ್ಳುವವರಾರೆಂಬುದನ್ನೇ ಬದಲಾಯಿಸುವ ಕ್ರಮವನ್ನು ಇವೆರಡೂ ಆಶ್ರಯಿಸಿದವೆಂಬುದು ಗಮನಾರ್ಹ.

ಅಮೆರಿಕದಲ್ಲಿ ನಡೆದುದು ಬೇರೆ ಬಗೆ. 1964ರ ನಾಗರಿಕ ಹಕ್ಕುಗಳ ಕಾಯಿದೆಯ ಬಳಿಕ ವ್ಯಾಜ್ಯಗಳಿಗೆ ಅಂಜಿದ ಕಂಪನಿಗಳು ನೌಕರರಿಗೆ ಪಾಠ ಹೇಳಿಸಲಾರಂಭಿಸಿದುವು. 1990ರ ದಶಕದಲ್ಲಿ ಅದು ಒಂದು ದೊಡ್ಡ ವೃತ್ತಿಯೇ ಆಯಿತು. ಆದರೆ ಸಮಾಜಶಾಸ್ತ್ರಜ್ಞರಾದ ಫ್ರಾಂಕ್ ಡಾಬಿನ್ ಮತ್ತು ಅಲೆಕ್ಸಾಂಡ್ರ ಕಲೇವ್ ಅವರು 2016ರಲ್ಲಿ ತೋರಿಸಿದಂತೆ, ಮ್ಯಾನೇಜರುಗಳಿಗೆ ಕಡ್ಡಾಯದ ತರಬೇತಿಯನ್ನು ವಿಧಿಸಿದ ಸಂಸ್ಥೆಗಳಲ್ಲಿ ಐದು ವರ್ಷಗಳ ನಂತರ ಆ ಹುದ್ದೆಗಳಲ್ಲಿನ ಕಪ್ಪು ಮಹಿಳೆಯರ ಪಾಲು ಹೆಚ್ಚುವುದಿರಲಿ, ಶೇಕಡ 9ರಷ್ಟು ತಗ್ಗಿತ್ತು. ಒತ್ತಾಯದಿಂದ ಕೇಳಿಸಿದ ಪಾಠಕ್ಕೆ ಪ್ರತಿರೋಧವೂ ಹುಟ್ಟುವುದೆಂದು ಅವರು ಕಾರಣವನ್ನಿತ್ತರು.

3. ಕಾನೂನಿನ ದ್ವಾರದಿಂದ

ನಮ್ಮಲ್ಲಿ ತರಬೇತಿಯು ಕಡ್ಡಾಯವಾದುದು ಮಹಿಳೆಯರ ರಕ್ಷಣೆಯ ಪ್ರಶ್ನೆಯ ಮೂಲಕ. ರಾಜಸ್ಥಾನದ ವಿಶಾಖಾ ಮೊಕದ್ದಮೆಯಲ್ಲಿ 1997ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ನೀಡಿದ ಮಾರ್ಗಸೂಚಿಗಳು 2013ರ ಲೈಂಗಿಕ ಕಿರುಕುಳ ತಡೆ ಕಾಯಿದೆಯಾಗಿ ಪರಿಣಮಿಸಿದುವು. ಹತ್ತು ಮಂದಿ ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಆಂತರಿಕ ಸಮಿತಿಯಿರಬೇಕು. ಅದರ ಅಧ್ಯಕ್ಷತೆ ಮಹಿಳೆಯದಾಗಿರಬೇಕು. ಸಮಿತಿಯ ರಚನೆಯ ಆದೇಶವನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ನೌಕರರಿಗೆ ಆಗಾಗ ಅರಿವಿನ ಕಾರ್ಯಾಗಾರಗಳನ್ನು ನಡೆಸಬೇಕು. ಕಾರ್ಖಾನೆಗಳಲ್ಲಿ ‘ಪೋಷ್ ಟ್ರೈನಿಂಗ್’ ಎಂದು ಕರೆಯಲ್ಪಡುವುದು ಈ ವಿಧಿಯ ಫಲ. ಮುಂದೆ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯೂ 2019ರ ಲಿಂಗತ್ವ ಅಲ್ಪಸಂಖ್ಯಾತರ ಕಾಯಿದೆಯೂ ತಾರತಮ್ಯವನ್ನು ನಿಷೇಧಿಸಿ ಮಾಲೀಕರ ಹೊಣೆಯನ್ನು ವಿಸ್ತರಿಸಿದುವು.

ಆದರೆ ಈ ಜಿಲ್ಲೆಯಲ್ಲಿ ಕಾನೂನಿನ ವ್ಯಾಪ್ತಿಯು ಒಂದು ಗೆರೆಯ ಬಳಿ ನಿಂತುಹೋಗುತ್ತದೆ. ದೊಡ್ಡಬಳ್ಳಾಪುರದಲ್ಲಿ ಮನೆಗೆ ಅಂಟಿಕೊಂಡ ಶೆಡ್ಡುಗಳಲ್ಲಿ ಕೆಲವೇ ಪವರ್‌ಲೂಮುಗಳನ್ನಿಟ್ಟು ನಡೆಸುವ ನೇಯ್ಗೆಯ ಘಟಕಗಳಲ್ಲಿ ಹತ್ತು ಮಂದಿ ಇಲ್ಲವಾದುದರಿಂದ ಆಂತರಿಕ ಸಮಿತಿಯೂ ಇರುವುದಿಲ್ಲ. ಅಲ್ಲಿ ಲಾಳಿ ಸುತ್ತುವ ಹೆಂಗಸಿಗೆ ದೂರು ಹೇಳಲು ಉಳಿದಿರುವುದು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ. ಜಿಲ್ಲಾಡಳಿತ ಭವನವಿರುವುದು ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರದಲ್ಲಿ. ಒಂದು ದಿನದ ಕೂಲಿಯನ್ನು ಬಿಟ್ಟು, ಕೆಲಸ ಕೊಟ್ಟ ನೆರೆಮನೆಯವರ ಮೇಲೆಯೇ ದೂರನ್ನು ಹೊತ್ತು ಅಲ್ಲಿಗೆ ಹೋಗುವುದು ಸುಲಭಸಾಧ್ಯವಾದುದಲ್ಲ.

4. ಖರೀದಿದಾರರ ದ್ವಾರದಿಂದ

ಗಾರ್ಮೆಂಟ್ಸ್ ಲೋಕಕ್ಕೆ ತರಬೇತಿಯು ಇನ್ನೊಂದು ಹಾದಿಯಿಂದಲೂ ಬಂದಿತು. ಸಿದ್ಧ ಉಡುಪುಗಳನ್ನು ಕೊಳ್ಳುವ ಅಮೆರಿಕದ ಗ್ಯಾಪ್ ಕಂಪನಿಯು 2007ರಲ್ಲಿ ‘ಪೇಸ್’ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಸಂವಹನ, ಸಮಯದ ಮತ್ತು ಮನಸ್ಸಿನ ಒತ್ತಡದ ನಿರ್ವಹಣೆ, ಹಣಕಾಸಿನ ತಿಳಿವಳಿಕೆ, ಕಾನೂನು, ಆರೋಗ್ಯ, ಲಿಂಗಸಮಾನತೆ ಮೊದಲಾದವುಗಳು ಅದರ ಪಾಠಗಳು. ಮಿಲ್ಲರ್ ಸಮಿತಿಯ ಕಾಲದಿಂದಲೂ ಈ ನಾಡು ಚರ್ಚಿಸಿಕೊಂಡು ಬಂದ ಜಾತಿಯ ವಿಷಯಕ್ಕೆ ಆ ಪಟ್ಟಿಯಲ್ಲಿ ಪ್ರತ್ಯೇಕ ಪಾಠವೇ ಇಲ್ಲದಿದ್ದುದು ಆ ಪಠ್ಯದ ಮಿತಿಯೆನ್ನಬೇಕು.

ಈ ಕಾರ್ಯಕ್ರಮದ ಪರಿಣಾಮವನ್ನು ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನ್ಯಶಾದಂ ಎಂಬ ಅರ್ಥಶಾಸ್ತ್ರಜ್ಞರು ಬೆಂಗಳೂರಿನ ಶಾಹಿ ಎಕ್ಸ್‌ಪೋರ್ಟ್ಸ್ ಸಂಸ್ಥೆಯ ಐದು ಕಾರ್ಖಾನೆಗಳಲ್ಲಿ ಪರೀಕ್ಷಿಸಿದರು. ತರಬೇತಿಗೆ ಸೇರಬಯಸಿದವರಲ್ಲಿ ಯಾರಿಗೆ ಅವಕಾಶವೆಂಬುದನ್ನು ಚೀಟಿಯೆತ್ತಿದಂತೆ ಯಾದೃಚ್ಛಿಕವಾಗಿ ನಿರ್ಣಯಿಸಿದುದರಿಂದ ಹೋಲಿಕೆಗೆ ಬಲ ಬಂದಿತು. 2018ರಲ್ಲಿ ಪ್ರಕಟವಾದ ಅವರ ಪ್ರಬಂಧದ ಪ್ರಕಾರ, ಸುಮಾರು ಒಂದು ವರ್ಷದ ಪಾಠವನ್ನು ಮುಗಿಸಿದ ಹೆಂಗಸರ ಸಂಕೋಚವು ಕಳೆದು ಮಾತಿನ ಧೈರ್ಯವು ಬೆಳೆಯಿತು. ಅವರ ಉತ್ಪಾದಕತೆಯು ಉಳಿದವರದಕ್ಕಿಂತ ಶೇಕಡ 20ರಷ್ಟು ಮೇಲಾಯಿತು. ಪಾಠ ಮುಗಿದ ಎಂಟು ತಿಂಗಳಿಗೆ ಸಂಸ್ಥೆಗೆ ದೊರೆತ ನಿವ್ವಳ ಪ್ರತಿಫಲ ಶೇಕಡ 258. ಕಲಿತವರ ಸಂಬಳದಲ್ಲಾದ ಏರಿಕೆ ಶೇಕಡ 0.5 ಮಾತ್ರ.

ಈ ಅಂಕಗಳನ್ನು ಯಾವ ಆವೇಶವೂ ಇಲ್ಲದೆ ಓದಬೇಕು. ತರಬೇತಿಯು ವ್ಯರ್ಥವೆಂದು ಇವು ಹೇಳುವುದಿಲ್ಲ. ಕಲಿತವರಿಗೆ ಕಲಿಕೆಯು ನಿಜವಾಗಿಯೇ ಲಭಿಸಿತು, ಅದರ ಬೆಲೆಯ ಬಹುಭಾಗವು ಮಾತ್ರ ಅವರ ಕೈಗೆ ಬರಲಿಲ್ಲ. ಅದೇ ಬಳಗದ ಇನ್ನೊಂದು ಅಧ್ಯಯನವು 2019ರಲ್ಲಿ ಇದಕ್ಕೆ ಪೂರಕವಾದ ಸಂಗತಿಯನ್ನು ಹೊರಗೆಡಹಿತು: ಸಂಬಳದ ಏರಿಕೆಯು ನಿರೀಕ್ಷೆಗಿಂತ ಕಡಮೆಯಾದ ಸಂದರ್ಭದಲ್ಲಿ, ಹೆಸರು ಹೇಳದೆಯೇ ಕೆಲಸದ ಸ್ಥಿತಿಗತಿಗಳನ್ನೂ ಸೂಪರ್‌ವೈಸರುಗಳ ನಡತೆಯನ್ನೂ ಕುರಿತು ಅಭಿಪ್ರಾಯ ಕೊಡಲು ಅವಕಾಶ ಪಡೆದವರಲ್ಲಿ ಕೆಲಸ ಬಿಡುವವರೂ ಗೈರುಹಾಜರಾಗುವವರೂ ಕಡಮೆಯಾದರು. ಯಾರಾದರೊಬ್ಬರು ಕೇಳಿಸಿಕೊಳ್ಳುತ್ತಾರೆಂಬುದಕ್ಕೇ ಅಷ್ಟು ಬೆಲೆಯಿತ್ತು.

5. ತರಗತಿಯ ಹೊರಗೆ

ಕೇಳಿಸಿಕೊಳ್ಳುವವರಿಲ್ಲದಾಗ ಏನಾಗುತ್ತದೆಂಬುದನ್ನು 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರು ಕಂಡಿತು. ಪಿ.ಎಫ್. ಹಣದಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯಬಾರದೆಂಬ ಹೊಸ ನಿಯಮದ ವಿರುದ್ಧ ಸಹಸ್ರಾರು ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಯಲ್ಲೂ ಪೀಣ್ಯದ ಕಡೆಯ ತುಮಕೂರು ರಸ್ತೆಯಲ್ಲೂ ಕುಳಿತರು. ಎರಡನೆಯ ದಿನವೇ ಕೇಂದ್ರ ಸರ್ಕಾರವು ನಿಯಮವನ್ನು ಹಿಂತೆಗೆದುಕೊಂಡಿತು. ಅವರಿಗೆ ಮಾತು ಬಾರದೆಂಬ ಊಹೆಯ ಮೇಲೆ ನಿಂತ ಯಾವ ಪಠ್ಯಕ್ರಮವೂ ಆ ಎರಡು ದಿನಗಳ ಬಳಿಕ ಪುನರ್ವಿಮರ್ಶೆಗೆ ಅರ್ಹವಾಗಿತ್ತು.

ವಲಸೆ ಬಂದವರ ಅನುಭವವು ಇನ್ನಷ್ಟು ಜಟಿಲವಾದುದು. 2018ರ ಜನವರಿಯಲ್ಲಿ ನೆದರ್ಲೆಂಡಿನ ಭಾರತ ಸಮಿತಿಯು ಬೆಂಗಳೂರಿನ ಗಾರ್ಮೆಂಟ್ ಲೇಬರ್ ಯೂನಿಯನ್ನಿನ ಸಹಯೋಗದಿಂದ ಪ್ರಕಟಿಸಿದ ವರದಿಯು, ಹಾಸ್ಟೆಲುಗಳಲ್ಲಿ ವಾಸಿಸುವ ಪರರಾಜ್ಯದ ಹೆಣ್ಣುಮಕ್ಕಳ ಸಂಚಾರವನ್ನೇ ನಿರ್ಬಂಧಿಸಲಾಗಿದ್ದುದನ್ನು ದಾಖಲಿಸಿತು. ಹಗಲು ಲೈನಿನಲ್ಲಿ ಗೌರವದ ಪಾಠ ಕೇಳಿದರೂ ಸಂಜೆ ಹಾಸ್ಟೆಲಿನ ಗೇಟಿನಲ್ಲಿ ಅನುಮತಿ ಬೇಡಬೇಕಾದವಳಿಗೆ ಎರಡರಲ್ಲಿ ಯಾವುದು ನಿಜವಾದ ಪಾಠವಾಗಿ ಉಳಿದೀತೆಂಬುದನ್ನು ಹೇಳಬೇಕಾಗಿಲ್ಲ.

6. ಉಪಸಂಹಾರ

ಮೇಲಿನ ಚರಿತ್ರೆಯನ್ನು ಒಟ್ಟಾಗಿ ನೋಡಿದರೆ ಒಂದು ಅಂಶವು ನಿಚ್ಚಳವಾಗುತ್ತದೆ. 1918ರ ಕ್ರಮವು ಸ್ಥಾನವನ್ನು ಹಂಚಿತು, 2013ರ ಕಾಯಿದೆಯು ದೂರಿನ ಹಕ್ಕನ್ನು ಕೊಟ್ಟಿತು, ಖರೀದಿದಾರರ ತರಬೇತಿಯು ನಡೆನುಡಿಯ ಕೌಶಲವನ್ನು ಕಲಿಸಿತು. ಈ ಮೂರರಲ್ಲಿ ಕೊನೆಯದು ಮಾತ್ರವೇ ಅಧಿಕಾರವನ್ನು ಇದ್ದಲ್ಲಿಯೇ ಬಿಡುತ್ತದೆ, ಆದುದರಿಂದಲೇ ಅದು ಮಾಲೀಕರಿಗೆ ಎಲ್ಲಕ್ಕಿಂತ ಸುಲಭವಾಗಿ ಒಪ್ಪಿಗೆಯಾಯಿತು. ದೇವನಹಳ್ಳಿಯಲ್ಲೂ ದಾಬಸ್‌ಪೇಟೆಯಲ್ಲೂ ಹೊಸ ಕಾರ್ಖಾನೆಗಳು ಏಳುತ್ತಿರುವ ಈ ಹೊತ್ತಿನಲ್ಲಿ, ತರಬೇತಿಯ ಗಂಟೆಗಳನ್ನು ಎಣಿಸುವುದಕ್ಕಿಂತ ಅವಶ್ಯವಾಗಿ ವಿಚಾರಿಸತಕ್ಕದ್ದು ಬೇರೆಯಿದೆ: ಪಾಠವು ಹೆಲ್ಪರಿಗಿಂತ ಮೊದಲು ಸೂಪರ್‌ವೈಸರನಿಗೆ ಆಯಿತೇ, ಅದು ಕೇಳುವವರ ಭಾಷೆಯಲ್ಲಿತ್ತೇ, ಆಂತರಿಕ ಸಮಿತಿಯ ಸದಸ್ಯೆಯರು ಯಾರೆಂದು ಲೈನಿನಲ್ಲಿರುವವಳು ಬಲ್ಲಳೇ, ಪಾಠದಿಂದ ಹೆಚ್ಚಿದ ಗಳಿಕೆಯಲ್ಲಿ ಅವಳಿಗೆ ಪಾಲು ಸಂದಿತೇ. ಇವುಗಳಿಗೆ ಹೌದೆಂಬ ಉತ್ತರವಿರುವ ಕಡೆ ಮಾತ್ರ ನೌಕರರು ತರಬೇತಿಯನ್ನು ತಮ್ಮದೆಂದು ಭಾವಿಸಿಯಾರು; ಉಳಿದ ಕಡೆ ಅದು ಹಾಜರಿ ಪುಸ್ತಕದಲ್ಲಿನ ಒಂದು ಸಹಿಯಾಗಿಯೇ ಮುಗಿಯುತ್ತದೆ.