ಮೊಡವೆಗೆ ಹಚ್ಚುವ ಮದ್ದು: ಬೆಂಜಾಯ್ಲ್ ಪೆರಾಕ್ಸೈಡ್ ಮತ್ತು ಆ್ಯಂಟಿಬಯೊಟಿಕ್ ಜೆಲ್‌ಗಳು

ಮೊಡವೆಗೆಂದು ಚರ್ಮದ ಮೇಲೆ ಹಚ್ಚುವ ಔಷಧಗಳಲ್ಲಿ ಬೆಂಜಾಯ್ಲ್ ಪೆರಾಕ್ಸೈಡ್ ಮತ್ತು ಆ್ಯಂಟಿಬಯೊಟಿಕ್ ಜೆಲ್‌ಗಳು ಜಗತ್ತಿನೆಲ್ಲೆಡೆ ಬಳಕೆಯಲ್ಲಿವೆ. ಮೊದಲನೆಯದು ಪ್ರಯೋಗಾಲಯದಲ್ಲಿ ಹುಟ್ಟಿದ, ಅಗ್ಗದ, ಹಳೆಯ ರಾಸಾಯನಿಕ. ಎರಡನೆಯ ಗುಂಪಿನಲ್ಲಿ ಕ್ಲಿಂಡಾಮೈಸಿನ್ ಮತ್ತು ಎರಿತ್ರೊಮೈಸಿನ್ ಪ್ರಮುಖವಾದವು. ಭಾರತದ ಅಂಗಡಿಗಳಲ್ಲಿ ಇವುಗಳ ಜೊತೆಗೆ ನಾಡಿಫ್ಲಾಕ್ಸಸಿನ್ ಕೂಡ ಸಿಗುತ್ತದೆ. ಎರಡೂ ಗುಂಪಿನ ಗುರಿ ಒಂದೇ ಬ್ಯಾಕ್ಟೀರಿಯ. ಆದರೂ ದಶಕಗಳ ಅನುಭವದ ಮೇಲೆ ಚರ್ಮರೋಗ ತಜ್ಞರು ಇವುಗಳಿಗೆ ಕೊಟ್ಟಿರುವ ಸ್ಥಾನ ಬೇರೆ ಬೇರೆ. ಬೆಂಜಾಯ್ಲ್ ಪೆರಾಕ್ಸೈಡನ್ನು ಒಂಟಿಯಾಗಿ ಬಳಸಬಹುದು. ಆ್ಯಂಟಿಬಯೊಟಿಕ್ ಜೆಲ್ಲನ್ನು ಒಂಟಿಯಾಗಿ ಬಳಸಬಾರದು.

ಮೊಡವೆ ಹುಟ್ಟುವುದು ಕೂದಲ ಬುಡದ ಸಣ್ಣ ಕುಳಿಯಲ್ಲಿ. ಪ್ರತಿ ಕುಳಿಗೂ ಜಿಡ್ಡು ಸ್ರವಿಸುವ ಗ್ರಂಥಿಯೊಂದು ಅಂಟಿಕೊಂಡಿರುತ್ತದೆ. ಮುಖ, ಎದೆ, ಬೆನ್ನಿನ ಮೇಲೆ ಈ ಗ್ರಂಥಿಗಳು ದೊಡ್ಡವು. ಹರೆಯದಲ್ಲಿ ಆಂಡ್ರೊಜನ್ ಹಾರ್ಮೋನುಗಳು ಏರಿದಾಗ ಜಿಡ್ಡು ಹೆಚ್ಚುತ್ತದೆ. ಅದೇ ಹೊತ್ತಿಗೆ ಕುಳಿಯ ಬಾಯಲ್ಲಿ ಸತ್ತ ಚರ್ಮಕೋಶಗಳು ಉದುರಿ ಹೋಗದೆ ಒಂದಕ್ಕೊಂದು ಅಂಟಿಕೊಂಡು ಬಿರಡೆಯಾಗುತ್ತವೆ. ಬಾಯಿ ತೆರೆದಿದ್ದರೆ ಬ್ಲ್ಯಾಕ್‌ಹೆಡ್, ಮುಚ್ಚಿದ್ದರೆ ವೈಟ್‌ಹೆಡ್. ಒಳಗೆ ಗಾಳಿಯಾಡದ, ಜಿಡ್ಡು ತುಂಬಿದ ಆ ಜಾಗ ಕ್ಯುಟಿಬ್ಯಾಕ್ಟೀರಿಯಂ ಆ್ಯಕ್ನೆಸ್ ಎಂಬ ಬ್ಯಾಕ್ಟೀರಿಯಕ್ಕೆ ಹೇಳಿ ಮಾಡಿಸಿದ್ದು. ಈ ಬ್ಯಾಕ್ಟೀರಿಯ ಮೊಡವೆ ಇಲ್ಲದವರ ಚರ್ಮದಲ್ಲೂ ವಾಸವಾಗಿರುತ್ತದೆ. ಮುಚ್ಚಿದ ಕುಳಿಯಲ್ಲಿ ಅದು ಹುಲುಸಾಗಿ ಬೆಳೆದು ಜಿಡ್ಡನ್ನು ಒಡೆಯತೊಡಗಿದಾಗ ದೇಹದ ರಕ್ಷಣಾ ವ್ಯವಸ್ಥೆ ಕೆರಳುತ್ತದೆ. ಕೆಂಪು, ನೋವು, ಕೀವು ಕಾಣಿಸಿಕೊಳ್ಳುತ್ತವೆ. ಮುಖ ತೊಳೆಯದಿದ್ದಕ್ಕೆ ಮೊಡವೆ ಬಂತೆಂದು ಮನೆಯವರು ಹರೆಯದವರನ್ನು ಗದರುವುದರಲ್ಲಿ ಹುರುಳಿಲ್ಲ. ದಿನಕ್ಕೆ ಐದಾರು ಸಲ ಸೋಪು ಹಚ್ಚಿ ಉಜ್ಜಿದರೆ ಚರ್ಮ ಒಣಗುತ್ತದೆಯೇ ಹೊರತು ಕುಳಿಯೊಳಗಿನ ಬಿರಡೆ ಕದಲುವುದಿಲ್ಲ.

ಬೆಂಜಾಯ್ಲ್ ಪೆರಾಕ್ಸೈಡ್ 19ನೇ ಶತಮಾನದ ಮಧ್ಯಭಾಗದಿಂದಲೇ ರಸಾಯನಶಾಸ್ತ್ರಜ್ಞರಿಗೆ ಪರಿಚಿತ. ಔಷಧವಾಗುವ ಮೊದಲೇ ಅದಕ್ಕೆ ಬೇರೆ ಉದ್ಯೋಗಗಳಿದ್ದವು. ಗಿರಣಿಗಳಲ್ಲಿ ಗೋಧಿ ಹಿಟ್ಟಿನ ಹಳದಿ ಛಾಯೆ ಕಳೆದು ಬೆಳ್ಳಗೆ ಮಾಡಲು ಇದನ್ನು ಬೆರೆಸುತ್ತಿದ್ದರು; ಚೀನಾ 2011ರ ಮೇ ತಿಂಗಳಿಂದ ಆ ಬಳಕೆಯನ್ನು ನಿಷೇಧಿಸಿತು. ಪ್ಲಾಸ್ಟಿಕ್ ಉದ್ಯಮದಲ್ಲಿ, ಹಲ್ಲಿನ ವೈದ್ಯರು ಬಳಸುವ ರಾಳಗಳಲ್ಲಿ, ಮೂಳೆ ಶಸ್ತ್ರಚಿಕಿತ್ಸೆಯ ಸಿಮೆಂಟಿನಲ್ಲಿ ಗಟ್ಟಿಯಾಗುವ ಕ್ರಿಯೆಗೆ ಚಾಲನೆ ಕೊಡುವುದೂ ಇದೇ. ಗಾಯ, ಸುಟ್ಟ ಹುಣ್ಣುಗಳಿಗೆ ಹಚ್ಚುವ ಪ್ರಯೋಗಗಳು 20ನೇ ಶತಮಾನದ ಮೊದಲ ದಶಕಗಳಲ್ಲಿ ನಡೆದವು. ಮೊಡವೆಯ ಮದ್ದಾಗಿ ಅದು ನೆಲೆಯೂರಿದ್ದು 1960ರ ದಶಕದಲ್ಲಿ: ಕೆನಡಾದ ವೈದ್ಯ ವಿಲಿಯಂ ಪೇಸ್ 1965ರಲ್ಲಿ ಗಂಧಕದ ಜೊತೆ ಬೆರೆಸಿದ ಕ್ರೀಮಿನ ಫಲಿತಾಂಶ ಪ್ರಕಟಿಸಿದರು. ಆಮೇಲೆ ಕೆಡದೆ ಉಳಿಯುವ ಜೆಲ್‌ಗಳು ಬಂದವು.

ಇದು ಕೆಲಸ ಮಾಡುವ ಬಗೆ ಒರಟಾದದ್ದು, ಅದೇ ಅದರ ಶಕ್ತಿ. ಕೊಬ್ಬಿನಲ್ಲಿ ಸುಲಭವಾಗಿ ಬೆರೆಯುವುದರಿಂದ ಜಿಡ್ಡು ತುಂಬಿದ ಕುಳಿಯೊಳಕ್ಕೆ ಇಳಿಯುತ್ತದೆ. ಅಲ್ಲಿ ಒಡೆದು, ಆಮ್ಲಜನಕದ ಉಗ್ರ ಕಣಗಳನ್ನು ಬಿಡುಗಡೆ ಮಾಡುತ್ತದೆ. ಆ ಕಣಗಳು ಬ್ಯಾಕ್ಟೀರಿಯದ ಯಾವುದೋ ಒಂದು ಭಾಗವನ್ನು ಆರಿಸಿ ಹೊಡೆಯುವುದಿಲ್ಲ; ಎದುರಿಗೆ ಸಿಕ್ಕ ಪ್ರೋಟೀನುಗಳನ್ನೆಲ್ಲ ಸುಟ್ಟಂತೆ ಹಾಳುಮಾಡುತ್ತವೆ. ಒಂದು ಜೀನ್ ಬದಲಿಸಿಕೊಂಡು ಪಾರಾಗುವ ದಾರಿ ಬ್ಯಾಕ್ಟೀರಿಯಕ್ಕೆ ಇಲ್ಲಿ ಸಿಗುವುದಿಲ್ಲ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕೋಟ್ಯಂತರ ಮುಖಗಳ ಮೇಲೆ ಬಳಕೆಯಾದರೂ ಇದರ ವಿರುದ್ಧ ಪ್ರತಿರೋಧ ಬೆಳೆದಿಲ್ಲವೆಂಬುದು ಈ ಇಡೀ ಲೇಖನದ ತಿರುಳು. ಬಿರಡೆಯನ್ನು ತುಸು ಸಡಿಲಿಸುವ ಗುಣವೂ ಇದಕ್ಕಿದೆ. ಕೆಲಸ ಮುಗಿದ ಮೇಲೆ ಚರ್ಮದಲ್ಲೇ ಬೆಂಜೋಯಿಕ್ ಆಮ್ಲವಾಗಿ ಬದಲಾಗುತ್ತದೆ. ದೇಹದೊಳಗೆ ಸೇರಿದ ಅಲ್ಪ ಭಾಗ ಮೂತ್ರದಲ್ಲಿ ಹೊರಹೋಗುತ್ತದೆ.

ಮಾರುಕಟ್ಟೆಯಲ್ಲಿ ಶೇ 2.5, 5 ಮತ್ತು 10ರ ಸಾಂದ್ರತೆಗಳು ಸಾಮಾನ್ಯ. ಹೆಚ್ಚು ಹಾಕಿದರೆ ಬೇಗ ಗುಣವಾದೀತೆಂಬ ಆಸೆಯಿಂದ ಶೇ 10ರ ಟ್ಯೂಬನ್ನೇ ಕೇಳಿ ಪಡೆಯುವವರಿದ್ದಾರೆ. 1986ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು 153 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿ ನೋಡಿತ್ತು: ಕೆಂಪು ಗುಳ್ಳೆ, ಕೀವುಗುಳ್ಳೆಗಳನ್ನು ಇಳಿಸುವುದರಲ್ಲಿ ಶೇ 2.5ರ ಜೆಲ್ 5 ಮತ್ತು 10ಕ್ಕೆ ಸಮನಾಗಿತ್ತು. ಉರಿ, ಸಿಪ್ಪೆ ಏಳುವುದು, ಕೆಂಪಾಗುವುದು ಮಾತ್ರ ಶೇ 10ಕ್ಕಿಂತ ಕಡಿಮೆಯಿತ್ತು. ಕಡಿಮೆಯಿಂದ ಶುರುಮಾಡಿ ಎಂದು ವೈದ್ಯರು ಹೇಳುವುದಕ್ಕೆ ಆಧಾರ ಇಂಥ ಫಲಿತಾಂಶಗಳೇ.

ಇದರ ಇನ್ನೊಂದು ಗುಣವನ್ನು ಚೀಟಿಯಲ್ಲಿ ಯಾರೂ ಬರೆಯುವುದಿಲ್ಲ, ಮನೆಯಲ್ಲಿ ಬಟ್ಟೆ ಒಗೆಯುವವರಿಗೆ ಮೊದಲು ತಿಳಿಯುತ್ತದೆ. ಹಿಟ್ಟನ್ನು ಬೆಳ್ಳಗೆ ಮಾಡುವ ವಸ್ತು ಬಟ್ಟೆಯನ್ನೇನೂ ಬಿಡುವುದಿಲ್ಲ. ನೀಲಿ ದಿಂಬಿನ ಕವರಿನಲ್ಲಿ ಕೆನ್ನೆ ಒರಗುವ ಜಾಗಕ್ಕೆ ಸರಿಯಾಗಿ ಬಿಳಿಚಿದ ಕಲೆಗಳು, ಕಡುಬಣ್ಣದ ಟವೆಲಿನ ಅಂಚಿನಲ್ಲಿ ಕಿತ್ತಳೆ ಬಣ್ಣದ ಪಟ್ಟೆ, ಶರ್ಟಿನ ಕಾಲರಿನಲ್ಲಿ ಮಾಸಿದ ಗೆರೆ. ಎಷ್ಟು ಒಗೆದರೂ ಇವು ಹೋಗುವುದಿಲ್ಲ, ಏಕೆಂದರೆ ಅಲ್ಲಿ ಅಂಟಿದ ಕಲೆಯೇ ಇಲ್ಲ, ಬಣ್ಣವೇ ಹೋಗಿರುತ್ತದೆ. ಹುಬ್ಬು, ಮೀಸೆಗೆ ತಾಗಿದರೆ ಕೂದಲೂ ಬಣ್ಣ ಕಳೆದುಕೊಳ್ಳಬಹುದು. ರಾತ್ರಿ ಹಚ್ಚುವವರು ಬಿಳಿ ದಿಂಬಿನ ಕವರು, ಬಿಳಿ ಟವೆಲು ಇಟ್ಟುಕೊಂಡರೆ ರಗಳೆ ತಪ್ಪುತ್ತದೆ. ಬೆನ್ನು, ಎದೆಯ ಮೊಡವೆಗೆ ತೊಳೆದುಬಿಡುವ ರೂಪದ ಔಷಧವೇ ಅನುಕೂಲ: ಸ್ನಾನದ ಹೊತ್ತಿಗೆ ಹಚ್ಚಿ, ಕೆಲವು ನಿಮಿಷ ಬಿಟ್ಟು, ಚೆನ್ನಾಗಿ ತೊಳೆಯುವುದು.

ಆ್ಯಂಟಿಬಯೊಟಿಕ್‌ಗಳ ಕತೆ ಮಣ್ಣಿನಿಂದ ಶುರುವಾಗುತ್ತದೆ. ಎರಿತ್ರೊಮೈಸಿನ್ ಸಿಕ್ಕಿದ್ದು ಫಿಲಿಪ್ಪೀನ್ಸಿನ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ. ಕ್ಲಿಂಡಾಮೈಸಿನ್‌ಗೆ ಮೂಲವಾದ ಲಿಂಕೊಮೈಸಿನ್ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಲಿಂಕನ್ ನಗರದ ಬಳಿಯ ಮಣ್ಣಿನಿಂದ ಬಂತು. ಅದನ್ನು ರಾಸಾಯನಿಕವಾಗಿ ಬದಲಿಸಿ 1960ರ ದಶಕದಲ್ಲಿ ಕ್ಲಿಂಡಾಮೈಸಿನ್ ತಯಾರಿಸಿದರು. ಈ ಎರಡೂ ಔಷಧಗಳು ಬ್ಯಾಕ್ಟೀರಿಯ ಪ್ರೋಟೀನು ತಯಾರಿಸುವ ಯಂತ್ರಕ್ಕೆ, ಅಂದರೆ ರೈಬೊಸೋಮಿಗೆ, ಅಂಟಿಕೊಂಡು ಕೆಲಸ ನಿಲ್ಲಿಸುತ್ತವೆ. ಶೇ 1ರ ಕ್ಲಿಂಡಾಮೈಸಿನ್, ಶೇ 2ರಿಂದ 4ರವರೆಗಿನ ಎರಿತ್ರೊಮೈಸಿನ್ ಲೋಷನ್ ಮತ್ತು ಜೆಲ್‌ಗಳು 1970ರ ದಶಕದ ನಂತರ ಮೊಡವೆ ಚಿಕಿತ್ಸೆಯಲ್ಲಿ ಬಹಳ ಬೇಗ ಜನಪ್ರಿಯವಾದವು. ಉರಿಯಿಲ್ಲ, ಸಿಪ್ಪೆಯೇಳುವುದಿಲ್ಲ, ಟವೆಲು ಹಾಳಾಗುವುದಿಲ್ಲ, ಮೊದಲ ಕೆಲವು ವಾರಗಳಲ್ಲಿ ಕೆಂಪೂ ಇಳಿಯುತ್ತದೆ. ರೋಗಿಗೂ ಖುಷಿ, ವೈದ್ಯರಿಗೂ ಖುಷಿ.

ಈ ನೆಮ್ಮದಿಗೆ ಬೆಲೆ ತೆರಬೇಕಾಯಿತು. ರೈಬೊಸೋಮಿನ ಒಂದೇ ಜಾಗಕ್ಕೆ ಔಷಧ ಅಂಟುವುದರಿಂದ, ಆ ಜಾಗದಲ್ಲಿ ಚಿಕ್ಕ ಬದಲಾವಣೆಯಾದರೂ ಬ್ಯಾಕ್ಟೀರಿಯ ಬಚಾವಾಗುತ್ತದೆ. ಎರಿತ್ರೊಮೈಸಿನ್‌ಗೂ ಕ್ಲಿಂಡಾಮೈಸಿನ್‌ಗೂ ಅಂಟುವ ಜಾಗ ಹೆಚ್ಚುಕಡಿಮೆ ಒಂದೇ ಆದ್ದರಿಂದ, ಒಂದನ್ನು ಮಣಿಸಿದ ತಳಿ ಹಲವು ಬಾರಿ ಇನ್ನೊಂದನ್ನೂ ಮಣಿಸುತ್ತದೆ. ಮೊಡವೆ ರೋಗಿಗಳ ಚರ್ಮದಲ್ಲಿ ಇಂಥ ತಳಿಗಳು ಕಂಡವೆಂಬ ಮೊದಲ ವರದಿ 1979ರಲ್ಲಿ ಅಮೆರಿಕದಿಂದ ಬಂತು.

ಸಮಸ್ಯೆ ಎಷ್ಟು ಬೇಗ ಹಬ್ಬುತ್ತದೆಂದು ಅಳೆದು ತೋರಿಸಿದ್ದು ಇಂಗ್ಲೆಂಡಿನ ಲೀಡ್ಸ್ ನಗರದ ಸಂಶೋಧಕರು. ಚರ್ಮರೋಗ ತಜ್ಞ ವಿಲಿಯಂ ಕನ್ಲಿಫ್ ಮತ್ತು ಸೂಕ್ಷ್ಮಜೀವಿ ವಿಜ್ಞಾನಿ ಆ್ಯನ್ ಈಡಿ ಅವರಿದ್ದ ತಂಡ ಅಲ್ಲಿನ ಮೊಡವೆ ಚಿಕಿತ್ಸಾಲಯಕ್ಕೆ ಬಂದವರ ಚರ್ಮದ ಮಾದರಿಗಳನ್ನು ಹತ್ತು ವರ್ಷ ಬಿಡದೆ ಪರೀಕ್ಷಿಸಿತು. ನಾಲ್ಕು ಸಾವಿರಕ್ಕೂ ಹೆಚ್ಚು ರೋಗಿಗಳು. ಒಂದಲ್ಲ ಒಂದು ಆ್ಯಂಟಿಬಯೊಟಿಕ್‌ಗೆ ಬಗ್ಗದ ತಳಿ ಹೊತ್ತವರು 1991ರಲ್ಲಿ ಶೇ 34.5ರಷ್ಟಿದ್ದರು, 1997ರ ಹೊತ್ತಿಗೆ ಅದು ಶೇ 64ಕ್ಕೆ ಏರಿತ್ತು. ಆಮೇಲೆ ತುಸು ಇಳಿದು 2000ದಲ್ಲಿ ಶೇ 55.5ಕ್ಕೆ ನಿಂತಿತು. 2003ರಲ್ಲಿ ಪ್ರಕಟವಾದ ಆರು ಯುರೋಪಿಯನ್ ದೇಶಗಳ ಸಮೀಕ್ಷೆಯಲ್ಲಿ ಹಂಗೆರಿಯ ರೋಗಿಗಳಲ್ಲಿ ಶೇ 51, ಸ್ಪೇನಿನಲ್ಲಿ ಶೇ 94 ಮಂದಿಯಲ್ಲಿ ಇಂಥ ತಳಿಗಳು ಸಿಕ್ಕವು. ಅದೇ ಸಮೀಕ್ಷೆಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಮೊಡವೆ ಚಿಕಿತ್ಸೆಯಲ್ಲಿ ತೊಡಗಿದ 39 ಚರ್ಮರೋಗ ತಜ್ಞರ ಚರ್ಮವನ್ನೇ ಪರೀಕ್ಷಿಸಿದಾಗ 25 ಮಂದಿಯಲ್ಲಿ ಬಗ್ಗದ ತಳಿಗಳಿದ್ದವು. ಬೇರೆ ವಿಭಾಗಗಳ 27 ವೈದ್ಯರಲ್ಲಿ ಒಬ್ಬರಲ್ಲೂ ಇರಲಿಲ್ಲ. ರೋಗಿಯಿಂದ ಮನೆಯವರಿಗೆ, ರೋಗಿಯಿಂದ ವೈದ್ಯರಿಗೆ ಕೈಯಿಂದ ಕೈಗೆ ದಾಟುವ ಬ್ಯಾಕ್ಟೀರಿಯದ ಚಿತ್ರ ಅದು. ಕೆನ್ನೆಗೆ ಹಚ್ಚಿದ ಜೆಲ್ ಪಕ್ಕದಲ್ಲೇ ಬದುಕುವ ಸ್ಟ್ಯಾಫಿಲೊಕಾಕಸ್‌ನಂಥ ಬ್ಯಾಕ್ಟೀರಿಯಗಳಿಗೂ ಪ್ರತಿರೋಧದ ಪಾಠ ಹೇಳಿಕೊಡುತ್ತದೆ. ಅವು ಮೊಡವೆಗಿಂತ ಅಪಾಯಕಾರಿ ಸೋಂಕುಗಳನ್ನು ತರಬಲ್ಲವು.

ಇಲ್ಲಿಗೆ ಹಳೆಯ ಬೆಂಜಾಯ್ಲ್ ಪೆರಾಕ್ಸೈಡ್ ಮತ್ತೆ ಮುಂಚೂಣಿಗೆ ಬಂತು. ಆ್ಯಂಟಿಬಯೊಟಿಕ್‌ನಿಂದ ತಪ್ಪಿಸಿಕೊಂಡ ತಳಿಯನ್ನೂ ಅದು ಕೊಲ್ಲುವುದರಿಂದ, ಎರಡನ್ನೂ ಜೊತೆಯಾಗಿ ಹಚ್ಚಿದರೆ ಬಗ್ಗದ ತಳಿಗಳು ಮೇಲುಗೈ ಪಡೆಯುವುದು ಕಷ್ಟ. ಫಲಿತಾಂಶವೂ ಒಂದೊಂದನ್ನೇ ಹಚ್ಚಿದ್ದಕ್ಕಿಂತ ಉತ್ತಮ. ಎರಿತ್ರೊಮೈಸಿನ್ ಜೊತೆಗಿನ ಮಿಶ್ರಣ ಅಮೆರಿಕದಲ್ಲಿ 1980ರ ದಶಕದಲ್ಲೇ ಬಂದಿತ್ತು. ಕ್ಲಿಂಡಾಮೈಸಿನ್ ಜೊತೆಗಿನ ಜೆಲ್‌ಗೆ 2000ದಲ್ಲಿ ಒಪ್ಪಿಗೆ ಸಿಕ್ಕಿತು. 2023ರ ಅಕ್ಟೋಬರಿನಲ್ಲಿ ಕ್ಲಿಂಡಾಮೈಸಿನ್, ಬಿರಡೆ ಸಡಿಲಿಸುವ ಅಡಾಪಲೀನ್, ಬೆಂಜಾಯ್ಲ್ ಪೆರಾಕ್ಸೈಡ್ ಮೂರೂ ಸೇರಿದ ಜೆಲ್‌ಗೆ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಅನುಮತಿ ಕೊಟ್ಟಿತು. ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ, ಅಮೆರಿಕದ ಚರ್ಮರೋಗ ಅಕಾಡೆಮಿಯ 2024ರ ಮಾರ್ಗಸೂಚಿಯೂ ಈ ವಿಷಯದಲ್ಲಿ ಒಂದೇ ದನಿ: ಹಚ್ಚುವ ಆ್ಯಂಟಿಬಯೊಟಿಕ್ ಒಂದನ್ನೇ ಕೊಡಬಾರದು. ಹಚ್ಚುವ ಆ್ಯಂಟಿಬಯೊಟಿಕ್ ಜೊತೆಗೆ ನುಂಗುವ ಆ್ಯಂಟಿಬಯೊಟಿಕ್ ಮಾತ್ರ ಕೊಡುವುದನ್ನೂ ನೈಸ್ ಬೇಡವೆನ್ನುತ್ತದೆ.

ಭಾರತದ ಮೆಡಿಕಲ್ ಶಾಪುಗಳಲ್ಲಿ ಚಿತ್ರ ಸ್ವಲ್ಪ ಬೇರೆ. ಕ್ಲಿಂಡಾಮೈಸಿನ್ ಜೆಲ್ ಒಂದೇ, ಇಲ್ಲವೇ ಅಡಾಪಲೀನ್ ಮತ್ತು ಕ್ಲಿಂಡಾಮೈಸಿನ್ ಮಾತ್ರ ಇರುವ ಜೆಲ್ ಸುಲಭವಾಗಿ ಕೈಗೆ ಸಿಗುತ್ತದೆ. ಎರಡರಲ್ಲೂ ಬೆಂಜಾಯ್ಲ್ ಪೆರಾಕ್ಸೈಡ್ ಇಲ್ಲ. ಗೆಳತಿಯ ಚೀಟಿಯ ಫೋಟೊ ತೋರಿಸಿ ಟ್ಯೂಬು ತಂದು, ಮುಗಿದಂತೆಲ್ಲ ಇನ್ನೊಂದು ತರಿಸಿ, ವರ್ಷಗಟ್ಟಲೆ ಹಚ್ಚುವ ಅಭ್ಯಾಸ ಪ್ರತಿರೋಧಕ್ಕೆ ಹದವಾದ ನೆಲ. ಇದಕ್ಕಿಂತ ಕೆಟ್ಟದ್ದು ಮೊಡವೆಗೆಂದು ಸ್ಟಿರಾಯ್ಡ್ ಕ್ರೀಮು ಹಚ್ಚುವುದು. ಮೊದಲು ಮುಖ ತಿಳಿಯಾದಂತೆ ಕಂಡು, ಬಿಟ್ಟೊಡನೆ ಕೆಂಪು, ಉರಿ, ಹೊಸ ಗುಳ್ಳೆಗಳು ಮುಗಿಬೀಳುತ್ತವೆ. ಭಾರತೀಯ ಚರ್ಮರೋಗ ತಜ್ಞರ ಸಂಘ ಈ ದುರ್ಬಳಕೆಯ ವಿರುದ್ಧ ಕಾರ್ಯಪಡೆಯನ್ನೇ ಕಟ್ಟಿತು. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟಿರಾಯ್ಡ್‌ಗಳ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ಶೆಡ್ಯೂಲ್ ಎಚ್‌ಗೆ ಸೇರಿಸಿತು. ನಮ್ಮ ಮೈಬಣ್ಣಕ್ಕೆ ಇನ್ನೊಂದು ಕಷ್ಟವಿದೆ. ಗುಳ್ಳೆ ಇಳಿದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಔಷಧದಿಂದ ಆದ ಉರಿಯೂತವೂ ಕಲೆ ಬಿಡಬಲ್ಲದು. ಹಾಗಾಗಿ ಶೇ 2.5ರಿಂದ ಶುರುಮಾಡುವುದು ಇಲ್ಲಿ ಇನ್ನಷ್ಟು ಮುಖ್ಯ.

ಹಚ್ಚುವ ಕ್ರಮ ಸರಳ, ತಪ್ಪುವುದೂ ಅಷ್ಟೇ ಸುಲಭ. ಸೌಮ್ಯ ಸೋಪಿನಿಂದ ಮುಖ ತೊಳೆದು, ಒತ್ತಿ ಒರೆಸಿ, ಚರ್ಮ ಪೂರ್ತಿ ಒಣಗಿದ ಮೇಲೆ ಬಟಾಣಿ ಕಾಳಿನಷ್ಟು ಜೆಲ್ಲನ್ನು ಮೊಡವೆ ಏಳುವ ಇಡೀ ಜಾಗಕ್ಕೆ ತೆಳುವಾಗಿ ಸವರಬೇಕು. ಗುಳ್ಳೆ ಕಂಡಲ್ಲಿ ಮಾತ್ರ ಚುಕ್ಕೆ ಇಟ್ಟರೆ, ಕಣ್ಣಿಗಿನ್ನೂ ಕಾಣದ ಬಿರಡೆಗಳು ಹಾಗೆಯೇ ಉಳಿಯುತ್ತವೆ. ಕಣ್ಣಿನ ಸುತ್ತ, ತುಟಿಯಂಚು, ಮೂಗಿನ ಮೂಲೆಗಳನ್ನು ಬಿಡಬೇಕು. ಮೊದಲ ಒಂದೆರಡು ವಾರ ದಿನ ಬಿಟ್ಟು ದಿನ ಹಚ್ಚಿ, ಮಾಯಿಶ್ಚರೈಸರ್ ಬಳಸಿದರೆ ಉರಿ ತಡೆದುಕೊಳ್ಳಬಹುದು. ಹಗಲು ಸನ್‌ಸ್ಕ್ರೀನ್ ಬೇಕು. ಅಡಾಪಲೀನ್‌ನಂತೆಯೇ ಬಿರಡೆ ಸಡಿಲಿಸುವ ಟ್ರೆಟಿನೊಯಿನ್ ಕೂಡ ಬಳಸುವವರು ಅದನ್ನು ರಾತ್ರಿಗೂ ಬೆಂಜಾಯ್ಲ್ ಪೆರಾಕ್ಸೈಡನ್ನು ಬೆಳಿಗ್ಗೆಗೂ ಇಟ್ಟುಕೊಳ್ಳುವುದು ಲೇಸು, ಏಕೆಂದರೆ ಟ್ರೆಟಿನೊಯಿನ್ನನ್ನು ಅದು ಒಡೆದುಹಾಕಬಲ್ಲದು; ಅಡಾಪಲೀನ್‌ಗೆ ಆ ತೊಂದರೆಯಿಲ್ಲ. ಡ್ಯಾಪ್ಸೋನ್ ಎಂಬ ಇನ್ನೊಂದು ಮೊಡವೆ ಜೆಲ್ ಜೊತೆ ಸೇರಿದರೆ ಚರ್ಮ ತಾತ್ಕಾಲಿಕವಾಗಿ ಹಳದಿ ಇಲ್ಲವೇ ಕಿತ್ತಳೆ ಬಣ್ಣಕ್ಕೆ ತಿರುಗಬಹುದು.

ಫಲ ಕಾಣಲು 8ರಿಂದ 12 ವಾರ ಹಿಡಿಯುತ್ತದೆ. ಎರಡನೇ ವಾರಕ್ಕೇ ಕೈಬಿಡುವವರು ಬಹಳ. ಆ್ಯಂಟಿಬಯೊಟಿಕ್ ಇರುವ ಜೆಲ್ಲನ್ನು ಸಾಮಾನ್ಯವಾಗಿ 12 ವಾರಕ್ಕೆ ನಿಲ್ಲಿಸಿ, ಮತ್ತೆ ಮೊಡವೆ ಏಳದಂತೆ ಅಡಾಪಲೀನ್ ಅಥವಾ ಬೆಂಜಾಯ್ಲ್ ಪೆರಾಕ್ಸೈಡನ್ನು ಮುಂದುವರಿಸುತ್ತಾರೆ. ತುಸು ಉರಿ, ಒಣಗು ನಿರೀಕ್ಷಿತ. ಮುಖ ಊದಿಕೊಂಡರೆ, ಗಂಟಲು ಬಿಗಿದರೆ, ಉಸಿರಾಟಕ್ಕೆ ಕಷ್ಟವಾದರೆ ಅದು ಅಲರ್ಜಿ. ಅಪರೂಪವಾದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಕ್ಲಿಂಡಾಮೈಸಿನ್ ಹಚ್ಚುವಾಗ ತೀವ್ರ ಭೇದಿ ಕಾಣಿಸಿಕೊಂಡರೂ ವೈದ್ಯರಿಗೆ ತಿಳಿಸಬೇಕು. ಗಂಟುಗಂಟಾದ, ಆಳವಾದ, ಗುಳಿ ಬಿಡುವ ಮೊಡವೆಗೆ ಜೆಲ್ ಸಾಲದು. ಹಣೆ, ಎದೆಯ ತುಂಬ ಒಂದೇ ಗಾತ್ರದ, ತುರಿಸುವ ಗುಳ್ಳೆಗಳೆದ್ದರೆ ಅದು ಶಿಲೀಂಧ್ರದ ಕೆಲಸವಿರಬಹುದು. ಆ್ಯಂಟಿಬಯೊಟಿಕ್ ಅದನ್ನು ಹೆಚ್ಚಿಸೀತು.

ಬೆಂಜಾಯ್ಲ್ ಪೆರಾಕ್ಸೈಡಿನ ಸುರಕ್ಷತೆಯ ಪ್ರಶ್ನೆ ಎರಡು ಬಾರಿ ದೊಡ್ಡದಾಗಿ ಎದ್ದಿದೆ. ಇಲಿಗಳ ಮೇಲಿನ ಪ್ರಯೋಗಗಳಿಂದ ಹುಟ್ಟಿದ ಅನುಮಾನವನ್ನು ಅಮೆರಿಕದ ಔಷಧ ಆಡಳಿತ ವರ್ಷಗಳ ಕಾಲ ಪರಿಶೀಲಿಸಿ, 2010ರಲ್ಲಿ ಶೇ 2.5ರಿಂದ 10ರವರೆಗಿನ ಬಳಕೆ ಸುರಕ್ಷಿತವೆಂದು ಹೇಳಿತು. 2024ರಲ್ಲಿ ಅಲ್ಲಿನ ಖಾಸಗಿ ಪ್ರಯೋಗಾಲಯವೊಂದು, ಬಿಸಿಯಲ್ಲಿಟ್ಟಾಗ ಈ ರಾಸಾಯನಿಕ ಒಡೆದು ಕ್ಯಾನ್ಸರ್‌ಕಾರಕವಾದ ಬೆಂಜೀನ್ ಹುಟ್ಟುತ್ತದೆಂದು ತೋರಿಸಿತು. ಆಡಳಿತ 95 ಉತ್ಪನ್ನಗಳನ್ನು ಪರೀಕ್ಷಿಸಿ 2025ರ ಮಾರ್ಚಿನಲ್ಲಿ ಫಲಿತಾಂಶ ಪ್ರಕಟಿಸಿತು: ಶೇ 90ಕ್ಕೂ ಹೆಚ್ಚಿನವುಗಳಲ್ಲಿ ಬೆಂಜೀನ್ ಪತ್ತೆಯೇ ಆಗಲಿಲ್ಲ, ಇಲ್ಲವೇ ಅತ್ಯಲ್ಪ ಪ್ರಮಾಣದಲ್ಲಿತ್ತು, ಬೆರಳೆಣಿಕೆಯ ಉತ್ಪನ್ನಗಳನ್ನು ಕಂಪನಿಗಳೇ ಹಿಂಪಡೆದವು. ಬಿಸಿಯ ಮಾತು ಮಾತ್ರ ಉಳಿದಿದೆ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನಂಥ ಊರುಗಳಲ್ಲಿ ಟ್ಯೂಬನ್ನು ಬೈಕಿನ ಡಿಕ್ಕಿಯಲ್ಲೋ ಬಿಸಿಲು ಬೀಳುವ ಕಿಟಕಿಯ ಬಳಿಯೋ ಬಿಡದೆ ಮನೆಯ ತಣ್ಣನೆಯ ಮೂಲೆಯಲ್ಲಿಡಬೇಕು, ಅವಧಿ ಮುಗಿದದ್ದನ್ನು ಬಳಸಬಾರದು. ಕ್ಲಿಂಡಾಮೈಸಿನ್ ಬೆರೆತ ಕೆಲವು ಜೆಲ್‌ಗಳನ್ನು ಅಂಗಡಿಯವರು ಫ್ರಿಜ್ಜಿನಲ್ಲಿ ಕಾಪಾಡಬೇಕಾಗುತ್ತದೆ, ಕೊಂಡ ಮೇಲೆ ಸುಮಾರು ಎರಡು ತಿಂಗಳೊಳಗೆ ಮುಗಿಸಬೇಕಾಗುತ್ತದೆ. ಡಬ್ಬಿಯ ಮೇಲೆ ಮುದ್ರಿಸಿರುವ ಉಷ್ಣತೆಯನ್ನು ಕೊಳ್ಳುವಾಗಲೇ ನೋಡಿಕೊಳ್ಳಬೇಕು.